ಹಳೆಯ ಸ್ಟೀರಿಯೋ ಮತ್ತು ನಿಸ್ತಂತು ಧ್ವನಿವರ್ಧಕ: ಒಂದು ಯಂತ್ರಸಂಧಿಯ ಇತಿಹಾಸ

೧. ವಿಷಯ ಪ್ರವೇಶ

ಶಾಸನ, ನಾಣ್ಯ, ತಾಳೆಯೋಲೆ, ದಫ್ತರು ಇವು ಇತಿಹಾಸದ ವಿದ್ಯಾರ್ಥಿಗೆ ಚಿರಪರಿಚಿತವಾದ ಆಕರಗಳು. ಇವನ್ನು ಓದಲು ಲಿಪಿಜ್ಞಾನವೂ ಭಾಷಾಜ್ಞಾನವೂ ಬೇಕು. ಆದರೆ ಇವಕ್ಕೂ ನಮಗೂ ನಡುವೆ ಯಂತ್ರವೊಂದರ ಮಧ್ಯಸ್ಥಿಕೆ ಬೇಕಿಲ್ಲ. ಇಪ್ಪತ್ತನೆಯ ಶತಮಾನವು ನಮಗೆ ಬಿಟ್ಟುಹೋಗಿರುವ ಧ್ವನಿಮುದ್ರಿಕೆಗಳ ವಿಷಯ ಹಾಗಲ್ಲ. ಗ್ರಾಮಫೋನ್ ತಟ್ಟೆಯನ್ನಾಗಲಿ ಟೇಪಿನ ಸುರುಳಿಯನ್ನಾಗಲಿ ಎಷ್ಟು ಹೊತ್ತು ದಿಟ್ಟಿಸಿ ನೋಡಿದರೂ ಅದು ಮಾತನಾಡದು. ಅದನ್ನು ನುಡಿಸಲು ಅದರ ಕಾಲದ ಯಂತ್ರ ಬೇಕು. ಆ ಯಂತ್ರದಿಂದ ಹೊರಟ ಸಂಕೇತವನ್ನು ಕಿವಿಗೆ ಮುಟ್ಟಿಸಲು ಅನೇಕ ವೇಳೆ ನಮ್ಮ ಕಾಲದ ಯಂತ್ರವೂ ಬೇಕಾಗುತ್ತದೆ. ಈ ಎರಡು ಯಂತ್ರಗಳು ಕೂಡುವ ಸ್ಥಳವೇ ಪ್ರಸ್ತುತ ಲೇಖನದ ವಿಷಯ.

ಸಮಸ್ಯೆಯನ್ನು ಸರಳವಾಗಿ ಹೀಗೆ ಹೇಳಬಹುದು. ೧೯೬೦ ಅಥವಾ ೧೯೭೦ರ ದಶಕದ ಟರ್ನ್‌ಟೇಬಲ್, ಆಂಪ್ಲಿಫೈಯರ್, ಟೇಪ್ ರೆಕಾರ್ಡರುಗಳು ಅನೇಕ ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಇನ್ನೂ ಉಳಿದಿವೆ. ಅವುಗಳ ಪಕ್ಕಕ್ಕೆ ಈಗ ತಂತಿಯಿಲ್ಲದ ಧ್ವನಿವರ್ಧಕಗಳು ಬಂದಿವೆ. ಹಳೆಯದು ತಂತಿಯ ಮೂಲಕ ಏರಿಳಿಯುವ ವಿದ್ಯುತ್ತನ್ನು ಕಳುಹಿಸುತ್ತದೆ; ಹೊಸದು ಗಾಳಿಯಲ್ಲಿ ಹರಿದುಬರುವ ಅಂಕಿಗಳನ್ನು ಸ್ವೀಕರಿಸುತ್ತದೆ. ಈ ಎರಡನ್ನು ಕೂಡಿಸಲು ಸಾಧ್ಯವೆ? ಸಾಧ್ಯವಾದರೆ ಹೇಗೆ? ಕೂಡಿಸುವಾಗ ಏನು ಕಳೆದುಹೋಗುತ್ತದೆ?

ಇದು ರೇಡಿಯೋ ರಿಪೇರಿ ಅಂಗಡಿಯ ಪ್ರಶ್ನೆ, ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಶಂಕಿಸಬಹುದು. ಆದರೆ ಸ್ವಲ್ಪ ವಿಚಾರ ಮಾಡಿದರೆ, ಈ ಪ್ರಶ್ನೆಗೆ ದೊರೆಯುವ ಉತ್ತರವೆಲ್ಲವೂ ಇತಿಹಾಸದಿಂದಲೇ ಬರಬೇಕಾಗಿದೆಯೆಂಬುದು ಗೊತ್ತಾಗುತ್ತದೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿರುವ ಒಂದೊಂದು ರಂಧ್ರವೂ ಒಂದೊಂದು ಕಾಲದಲ್ಲಿ, ಒಂದೊಂದು ಕಾರಣಕ್ಕಾಗಿ, ಒಂದೊಂದು ಒಪ್ಪಂದದ ಫಲವಾಗಿ ಹುಟ್ಟಿದುದು. ಅವುಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

೨. ಸಂಧಿಯಿಲ್ಲದ ಕಾಲ

ಥಾಮಸ್ ಎಡಿಸನ್ನನು ೧೮೭೭ರಲ್ಲಿ ನಿರ್ಮಿಸಿದ ಫೋನೋಗ್ರಾಫಿನಲ್ಲಾಗಲಿ, ಎಮಿಲ್ ಬರ್ಲಿನರನು ೧೮೮೭ರಲ್ಲಿ ಹಕ್ಕುಪತ್ರ ಪಡೆದ ಗ್ರಾಮಫೋನಿನಲ್ಲಾಗಲಿ ವಿದ್ಯುತ್ತಿಗೆ ಸ್ಥಾನವಿರಲಿಲ್ಲ. ಗಾಯಕನು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡುತ್ತಿದ್ದನು; ಆ ಧ್ವನಿಯ ಒತ್ತಡವೇ ಪೊರೆಯನ್ನು ನಡುಗಿಸಿ, ಸೂಜಿಯನ್ನು ಚಲಿಸುವಂತೆ ಮಾಡಿ, ಗೀರನ್ನು ಕೊರೆಯುತ್ತಿತ್ತು. ಕೇಳುವಾಗ ಇದೇ ಕ್ರಮವು ಹಿಂದುಮುಂದಾಗಿ ನಡೆಯುತ್ತಿತ್ತು. ೧೯೦೨ರಲ್ಲಿ ಫ್ರೆಡ್ ಗೈಸ್ಬರ್ಗನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡುದು ಈ ವಿಧಾನದಿಂದಲೇ. ಮುಂದೆ ಈ ಗಾಯಕಿ ಮೈಸೂರಿಗೆ ಬಂದು ನೆಲೆಸಿ, ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರೆಂಬುದು ಗಮನಿಸತಕ್ಕ ವಿಷಯ.

ಈ ಕಹಳೆಯ ಯುಗದಲ್ಲಿ ಯಂತ್ರವು ಏಕಶಿಲೆಯಂತಿತ್ತು. ತಟ್ಟೆಯನ್ನು ತಿರುಗಿಸುವ ಚಾವಿ, ಸೂಜಿ, ಪೊರೆ, ಕಹಳೆ ಇವೆಲ್ಲ ಒಂದೇ ದೇಹದ ಅಂಗಗಳಾಗಿದ್ದುವು. ಒಂದರ ಧ್ವನಿಯನ್ನು ಮತ್ತೊಂದಕ್ಕೆ ಸಾಗಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಜೋಡಣೆಯ ಅಗತ್ಯವಿಲ್ಲದೆ ಇದ್ದುದರಿಂದ ಜೋಡಣೆಯ ನಿಯಮವೂ ಇರಲಿಲ್ಲ.

ಬದಲಾವಣೆಯು ೧೯೨೫ರಲ್ಲಿ ಬಂದಿತು. ಅಮೆರಿಕಾ ದೇಶದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರುಗಳು ರೂಪಿಸಿದ ವಿದ್ಯುತ್ ಧ್ವನಿಮುದ್ರಣ ಕ್ರಮವನ್ನು ವಿಕ್ಟರ್ ಮತ್ತು ಕೊಲಂಬಿಯಾ ಕಂಪೆನಿಗಳು ಆ ವರ್ಷ ಬಳಕೆಗೆ ತಂದುವು. ಧ್ವನಿಯು ಮೈಕ್ರೋಫೋನಿನಲ್ಲಿ ವಿದ್ಯುತ್ತಾಗಿ, ಆಂಪ್ಲಿಫೈಯರಿನಲ್ಲಿ ಬಲಗೊಂಡು, ಬಳಿಕ ಗೀರಾಗಿ ಪರಿಣಮಿಸಿತು. ಅನತಿಕಾಲದಲ್ಲಿಯೇ ಕೇಳುವ ಯಂತ್ರದಲ್ಲಿಯೂ ಸೂಜಿಯ ಚಲನೆಯನ್ನು ವಿದ್ಯುತ್ತಾಗಿಸುವ ಪಿಕಪ್ ಕಾಣಿಸಿಕೊಂಡಿತು. ಧ್ವನಿಯು ಒಮ್ಮೆ ವಿದ್ಯುತ್ತಾದ ಮೇಲೆ ಅದನ್ನು ತಂತಿಯಲ್ಲಿ ಎಲ್ಲಿಗೆ ಬೇಕಾದರೂ ಒಯ್ಯಬಹುದಾಯಿತು. ಏಕಶಿಲೆ ಒಡೆದು ಭಾಗಗಳಾಯಿತು. ಭಾಗಗಳ ನಡುವೆ ಸಂಧಿ ಹುಟ್ಟಿತು.

೩. ಒಂದು ಪುಟ್ಟ ಪ್ಲಗ್ಗಿನ ದೀರ್ಘಾಯುಷ್ಯ

ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕಾ ಎಂಬ ಸಂಸ್ಥೆಯು ೧೯೨೯ರಲ್ಲಿ ವಿಕ್ಟರ್ ಟಾಕಿಂಗ್ ಮೆಷಿನ್ ಕಂಪೆನಿಯನ್ನು ಕೊಂಡುಕೊಂಡಿತು. ರೇಡಿಯೋ ವ್ಯಾಪಾರವೂ ಗ್ರಾಮಫೋನ್ ವ್ಯಾಪಾರವೂ ಹೀಗೆ ಒಂದೇ ಸೂರಿನಡಿಗೆ ಬಂದುವು. ಯಂತ್ರಗಳೂ ಅದೇ ದಾರಿಯನ್ನು ಹಿಡಿದುವು. ರೇಡಿಯೋದೊಳಗೆ ಹೇಗೂ ಆಂಪ್ಲಿಫೈಯರ್ ಇದ್ದೇ ಇತ್ತು. ಗ್ರಾಮಫೋನಿನ ಪಿಕಪ್ಪನ್ನು ಅದಕ್ಕೆ ಸೇರಿಸಿದರೆ ಒಂದೇ ಆಂಪ್ಲಿಫೈಯರ್ ಎರಡು ಕೆಲಸ ಮಾಡಬಲ್ಲದಾಗಿತ್ತು. ಈ ಜೋಡಣೆಗಾಗಿ ೧೯೩೦ರ ದಶಕದಲ್ಲಿ ಆ ಸಂಸ್ಥೆಯು ಬಳಕೆಗೆ ತಂದ ಪುಟ್ಟ ಪ್ಲಗ್ಗು, ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದಲೇ ಆರ್‌ಸಿಎ ಪ್ಲಗ್ ಎಂದು ಹೆಸರಾಯಿತು. ನಡುವೆ ಒಂದು ಕಡ್ಡಿ, ಅದರ ಸುತ್ತ ಒಂದು ಲೋಹದ ಬಳೆ, ಇಷ್ಟೇ ಅದರ ರಚನೆ. ಕಡ್ಡಿಯಲ್ಲಿ ಸಂಕೇತ ಹರಿಯುತ್ತದೆ. ಬಳೆಯು ಭೂಸಂಪರ್ಕವನ್ನು ಒದಗಿಸುತ್ತದೆ. ಗ್ರಾಮಫೋನಿಗಾಗಿ ಹುಟ್ಟಿದುದರಿಂದ ಇದಕ್ಕೆ ಫೋನೋ ಪ್ಲಗ್ ಎಂಬ ಹೆಸರೂ ಉಂಟು.

ಇದು ಯಂತ್ರಶಾಸ್ತ್ರದ ದೃಷ್ಟಿಯಿಂದ ನಿರ್ದೋಷವಾದ ವಸ್ತುವಲ್ಲ. ಸಿಕ್ಕಿಸುವಾಗ ಬಳೆಗಿಂತ ಮೊದಲು ಕಡ್ಡಿಯೇ ತಗಲುವುದರಿಂದ, ಯಂತ್ರ ನಡೆಯುತ್ತಿರುವಾಗ ಸಿಕ್ಕಿಸಿದರೆ ಧ್ವನಿವರ್ಧಕವು ದೊಡ್ಡದಾಗಿ ಗುಂಯ್‌ಗುಡುತ್ತದೆ. ಆದರೂ ಸುಮಾರು ತೊಂಬತ್ತು ವರ್ಷಗಳ ಕಾಲ ಇದು ಬದುಕಿ ಉಳಿದಿದೆ. ಅಗ್ಗವಾಗಿದ್ದುದು, ಎಲ್ಲ ತಯಾರಕರೂ ಅದನ್ನು ಒಪ್ಪಿಕೊಂಡುದು, ಒಪ್ಪಿಕೊಂಡ ಮೇಲೆ ಅಳತೆಯನ್ನು ಬದಲಿಸದೆ ಇದ್ದುದು, ಈ ಮೂರು ಕಾರಣಗಳೇ ಅದರ ದೀರ್ಘಾಯುಷ್ಯದ ಗುಟ್ಟೆನ್ನಬಹುದು. ಯೂರೋಪಿನಲ್ಲಿ, ವಿಶೇಷವಾಗಿ ಜರ್ಮನಿಯಲ್ಲಿ, ಐದು ಕಡ್ಡಿಗಳ ಡಿನ್ ಪ್ಲಗ್ಗು ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಪ್ರಚಾರದಲ್ಲಿತ್ತು. ಅಂಥ ಯಂತ್ರವನ್ನು ಹೊಂದಿರುವವರು ಡಿನ್‌ನಿಂದ ಆರ್‌ಸಿಎಗೆ ಬದಲಿಸುವ ತಂತಿಯೊಂದನ್ನು ಬಳಸಬೇಕಾಗುತ್ತದೆ.

೪. ಎರಡು ಕಿವಿಗಳ ಕಥೆ

ಸ್ಟೀರಿಯೋ ಎಂಬ ಪದವು ಘನವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. ಲಂಡನ್ನಿನ ಇಎಂಐ ಸಂಸ್ಥೆಯಲ್ಲಿದ್ದ ಅಲನ್ ಬ್ಲೂಮ್ಲೀನ್ ಎಂಬ ತರುಣ ಎಂಜಿನಿಯರನು ೧೯೩೧ರ ಡಿಸೆಂಬರಿನಲ್ಲಿ ಈ ವಿಷಯದ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದನು. ಎರಡು ಮೈಕ್ರೋಫೋನುಗಳ ಮೂಲಕ ಗ್ರಹಿಸಿದ ಎರಡು ಸಂಕೇತಗಳನ್ನು ಒಂದೇ ಗೀರಿನಲ್ಲಿ ಅಡಗಿಸುವ ಉಪಾಯವೂ ಅದರಲ್ಲಿತ್ತು. ಗೀರಿನ ಒಂದೊಂದು ಗೋಡೆಯೂ ತಟ್ಟೆಯ ಮೈಗೆ ೪೫ ಡಿಗ್ರಿ ಓರೆಯಾಗಿದ್ದು, ಎಡಕಿವಿಯ ಸಂಕೇತವನ್ನು ಒಂದು ಗೋಡೆಯೂ ಬಲಕಿವಿಯದನ್ನು ಮತ್ತೊಂದು ಗೋಡೆಯೂ ಹೊರುವ ಕ್ರಮವದು. ೧೯೩೪ರಲ್ಲಿ ಥಾಮಸ್ ಬೀಚಮ್ಮನ ನಿರ್ದೇಶನದಲ್ಲಿ ವಾದ್ಯವೃಂದವು ಮೋಟ್ಸಾರ್ಟನ ಜ್ಯೂಪಿಟರ್ ಸಿಂಫನಿಯನ್ನು ನುಡಿಸುತ್ತಿರುವಾಗ ಬ್ಲೂಮ್ಲೀನನು ಅದನ್ನು ಈ ರೀತಿ ಮುದ್ರಿಸಿಕೊಂಡನು. ಅಮೆರಿಕಾದಲ್ಲಿ ಬೆಲ್ ಪ್ರಯೋಗಾಲಯದವರು ೧೯೩೩ರ ಏಪ್ರಿಲ್ ೨೭ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ಸಂಗೀತವನ್ನು ಮೂರು ಪ್ರತ್ಯೇಕ ದೂರವಾಣಿ ಮಾರ್ಗಗಳ ಮೂಲಕ ವಾಷಿಂಗ್ಟನ್ನಿಗೆ ಕಳುಹಿಸಿ, ಅಲ್ಲಿನ ಸಭಿಕರಿಗೆ ದಿಕ್ಕಿನ ಅರಿವಿನೊಡನೆ ಕೇಳಿಸಿದ್ದರು.

ಬ್ಲೂಮ್ಲೀನನು ತನ್ನ ಕಾಣ್ಕೆಯ ಫಲವನ್ನು ಕಾಣಲಿಲ್ಲ. ೧೯೪೨ರ ಜೂನ್ ೭ರಂದು ರೇಡಾರ್ ಪರೀಕ್ಷೆಗಾಗಿ ಹಾರುತ್ತಿದ್ದ ವಿಮಾನವು ಉರುಳಿ ಅವನು ಮಡಿದನು. ಗೀರಿನ ಎರಡು ಗೋಡೆಗಳ ತತ್ತ್ವವನ್ನು ವೆಸ್ಟ್ರೆಕ್ಸ್ ಸಂಸ್ಥೆಯು ಮತ್ತೆ ರೂಪಿಸಿತು. ಅದನ್ನು ಉದ್ಯಮವೆಲ್ಲವೂ ಒಪ್ಪಿಕೊಂಡು, ೧೯೫೮ರಲ್ಲಿ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದುವು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸ್ಟೀರಿಯೋ ತಟ್ಟೆಯಲ್ಲಿ ಸೂಜಿಯ ಅಡ್ಡ ಚಲನೆಯು ಎರಡು ಸಂಕೇತಗಳ ಮೊತ್ತಕ್ಕೆ ಸಮನಾಗುವಂತೆ ಏರ್ಪಾಟಾಗಿತ್ತು. ಹಳೆಯ ಏಕಧ್ವನಿ ತಟ್ಟೆಯನ್ನು ಹೊಸ ಯಂತ್ರದ ಮೇಲಿಟ್ಟರೆ ಎರಡು ಧ್ವನಿವರ್ಧಕಗಳಲ್ಲಿಯೂ ಒಂದೇ ಧ್ವನಿ ಬರುತ್ತಿತ್ತು. ೧೯೬೧ರ ಜೂನಿನಲ್ಲಿ ಅಮೆರಿಕಾದಲ್ಲಿ ಆರಂಭವಾದ ಸ್ಟೀರಿಯೋ ಎಫ್.ಎಂ. ಪ್ರಸಾರದಲ್ಲಿಯೂ ಹೀಗೆಯೇ ಹಳೆಯ ರೇಡಿಯೋಗಳು ಮೊತ್ತದ ಸಂಕೇತವನ್ನು ಹಿಡಿದು ಎಂದಿನಂತೆ ನಡೆಯುತ್ತಿದ್ದುವು. ಹೊಸದು ಬಂದುದರಿಂದ ಹಳೆಯದು ಮೂಕವಾಗಬಾರದೆಂಬುದು ಆ ಕಾಲದ ಎಂಜಿನಿಯರುಗಳ ವಿನ್ಯಾಸದಲ್ಲಿಯೇ ಅಡಗಿದ್ದ ಧರ್ಮ.

೫. ೧೯೫೪ರ ಒಪ್ಪಂದ

ಟರ್ನ್‌ಟೇಬಲನ್ನು ಇಂದಿನ ಧ್ವನಿವರ್ಧಕಕ್ಕೆ ನೇರವಾಗಿ ಕೂಡಿಸಿದರೆ ಧ್ವನಿಯು ಅತಿ ಕ್ಷೀಣವಾಗಿಯೂ, ತಳವಿಲ್ಲದೆ ಕೀರಲಾಗಿಯೂ ಕೇಳಿಬರುತ್ತದೆ. ಇದಕ್ಕೆ ಯಂತ್ರದ ಕೆಡುಕು ಕಾರಣವಲ್ಲ. ಇದರ ಕಾರಣವನ್ನು ತಿಳಿಯಲು ೧೯೫೪ಕ್ಕೆ ಹೋಗಬೇಕು.

ತಗ್ಗು ಸ್ವರಗಳನ್ನು ಇದ್ದಷ್ಟೇ ಬಲದಿಂದ ಕೊರೆದರೆ ಗೀರು ಅಗಲವಾಗಿ ಅಂಕುಡೊಂಕಾಗಿ, ಪಕ್ಕದ ಗೀರಿನೊಳಕ್ಕೆ ನುಗ್ಗುತ್ತದೆ. ಎತ್ತರದ ಸ್ವರಗಳನ್ನು ಇದ್ದಷ್ಟೇ ಬಲದಿಂದ ಕೊರೆದರೆ ಅವು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗುತ್ತವೆ. ಆದುದರಿಂದ ಮುದ್ರಿಸುವಾಗ ತಗ್ಗನ್ನು ಇಳಿಸಿ ಎತ್ತರವನ್ನು ಏರಿಸುವುದು, ಕೇಳುವಾಗ ಇದಕ್ಕೆ ವಿರುದ್ಧವಾಗಿ ತಿದ್ದುವುದು ರೂಢಿಗೆ ಬಂದಿತು. ಆದರೆ ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಎಂಬುದರಲ್ಲಿ ಒಂದೊಂದು ಕಂಪೆನಿಗೂ ಒಂದೊಂದು ಲೆಕ್ಕವಿತ್ತು. ೧೯೪೮ರಲ್ಲಿ ಕೊಲಂಬಿಯಾ ಕಂಪೆನಿಯು ನಿಮಿಷಕ್ಕೆ ೩೩⅓ ಸುತ್ತು ತಿರುಗುವ ದೀರ್ಘಾವಧಿ ತಟ್ಟೆಯನ್ನು ಹೊರತಂದ ಮೇಲೆ ಈ ಗೊಂದಲ ಇನ್ನೂ ಹೆಚ್ಚಿತು. ಅಮೆರಿಕಾದ ಧ್ವನಿಮುದ್ರಣೋದ್ಯಮಿಗಳ ಸಂಘವು ೧೯೫೪ರಲ್ಲಿ ಒಂದೇ ಲೆಕ್ಕವನ್ನು ಗೊತ್ತುಪಡಿಸಿತು. ಕ್ರಮೇಣ ಇತರ ದೇಶಗಳೂ ಅದನ್ನು ಅಂಗೀಕರಿಸಿದುವು. ಈ ಕಟ್ಟಳೆಯ ಪ್ರಕಾರ ೧,೦೦೦ ಹರ್ಟ್ಸ್ ಸ್ವರಕ್ಕೆ ಹೋಲಿಸಿದರೆ ೨೦ ಹರ್ಟ್ಸ್ ಸ್ವರವು ಕೇಳುವಾಗ ಸುಮಾರು ೧೯ ಡೆಸಿಬೆಲ್ ಏರಬೇಕು. ೨೦,೦೦೦ ಹರ್ಟ್ಸ್ ಸ್ವರವು ಸುಮಾರು ೨೦ ಡೆಸಿಬೆಲ್ ಇಳಿಯಬೇಕು.

ಬಲದ ಪ್ರಶ್ನೆಯೂ ಇದರ ಜೊತೆಯಲ್ಲಿಯೇ ಇದೆ. ಚಲಿಸುವ ಅಯಸ್ಕಾಂತವುಳ್ಳ ಸಾಮಾನ್ಯ ಕಾರ್ಟ್ರಿಜ್ಜು ೩ರಿಂದ ೫ ಮಿಲಿವೋಲ್ಟಿನಷ್ಟು ಸಂಕೇತವನ್ನು ಮಾತ್ರ ಕೊಡುತ್ತದೆ. ಟೇಪ್ ರೆಕಾರ್ಡರು, ರೇಡಿಯೋ ಟ್ಯೂನರು ಮುಂತಾದುವು ಕೊಡುವ ಲೈನ್ ಮಟ್ಟದ ಸಂಕೇತವು ಸುಮಾರು ೦.೩ ವೋಲ್ಟ್, ಅಂದರೆ ಅರುವತ್ತರಿಂದ ನೂರು ಪಟ್ಟು ಹೆಚ್ಚು. ಈ ಅಂತರವನ್ನು ತುಂಬಿ, ೧೯೫೪ರ ಕಟ್ಟಳೆಯಂತೆ ಸ್ವರಗಳನ್ನು ತಿದ್ದುವ ಫೋನೋ ಪ್ರಿಆಂಪ್ಲಿಫೈಯರ್ ಎಂಬ ಭಾಗವು ಹಳೆಯ ಆಂಪ್ಲಿಫೈಯರುಗಳ ಒಳಗೇ ಇರುತ್ತಿತ್ತು. ನಿಸ್ತಂತು ಧ್ವನಿವರ್ಧಕಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಟರ್ನ್‌ಟೇಬಲನ್ನು ಮೊದಲು ಹಳೆಯ ಆಂಪ್ಲಿಫೈಯರಿನ ಫೋನೋ ರಂಧ್ರಕ್ಕೆ ಸೇರಿಸಬೇಕು; ಇಲ್ಲವೆ ಪ್ರತ್ಯೇಕವಾದ ಫೋನೋ ಪ್ರಿಆಂಪ್ಲಿಫೈಯರನ್ನು ನಡುವೆ ಇಡಬೇಕು. ಟರ್ನ್‌ಟೇಬಲಿನ ಭೂಸಂಪರ್ಕದ ತಂತಿಯನ್ನೂ ಅಲ್ಲಿಯೇ ಬಿಗಿಯಬೇಕು. ಇಲ್ಲದಿದ್ದರೆ ಮನೆಯ ವಿದ್ಯುತ್ತಿನ ೫೦ ಹರ್ಟ್ಸ್ ಮೊರೆತವು ಸಂಗೀತದೊಡನೆ ಬೆರೆಯುತ್ತದೆ.

ನಮ್ಮ ದೇಶದ ಸಂಗ್ರಹಗಳಿಗೆ ಸಂಬಂಧಪಟ್ಟಂತೆ ಒಂದು ಎಚ್ಚರಿಕೆ ಅವಶ್ಯಕ. ಭಾರತದಲ್ಲಿ ನಿಮಿಷಕ್ಕೆ ೭೮ ಸುತ್ತಿನ ಅರಗಿನ ತಟ್ಟೆಗಳು ೧೯೬೦ರ ದಶಕದಲ್ಲಿಯೂ ತಯಾರಾಗುತ್ತಿದ್ದುವು. ಇವುಗಳ ಗೀರು ಅಗಲವಾದುದು. ದೀರ್ಘಾವಧಿ ತಟ್ಟೆಯ ಸಣ್ಣ ಸೂಜಿಯು ಅದರ ತಳದಲ್ಲಿ ತೊನೆದಾಡುತ್ತದೆ. ೧೯೫೪ಕ್ಕೆ ಹಿಂದಿನ ತಟ್ಟೆಗಳಿಗೆ ೧೯೫೪ರ ತಿದ್ದುಪಡಿಯೂ ಸಲ್ಲದು. ಶಾಸನವನ್ನು ಅದರ ಕಾಲದ ಲಿಪಿಯರಿತು ಓದಬೇಕೆಂಬ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜೇಂದ್ರ ಒಡೆಯರು ೧೯೪೦ರ ದಶಕದ ಕೊನೆಯಲ್ಲಿ ಧನಸಹಾಯ ನೀಡಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಎಚ್‌ಎಂವಿ ತಟ್ಟೆಗಳಲ್ಲಿ ಮುದ್ರಿಸುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೆ ಅರ್ಪಿಸಿದರು. ಮೆಟ್ನರ್ ೧೯೫೧ರಲ್ಲಿ ತೀರಿಕೊಂಡರು. ಅವರ ಬೆರಳುಗಳ ನುಡಿತವು ಇಂದಿಗೂ ಕೇಳಿಬರುತ್ತಿರುವುದು ಆ ೭೮ ಸುತ್ತಿನ ತಟ್ಟೆಗಳನ್ನು ಸರಿಯಾದ ಕ್ರಮದಲ್ಲಿ ನುಡಿಸಿ ಮುಂದಿನ ಮಾಧ್ಯಮಕ್ಕೆ ದಾಟಿಸಿದವರಿಂದ.

೬. ಟೇಪಿಗಾಗಿ ತೆರೆದ ಬಾಗಿಲು

ಎರಡನೆಯ ಮಹಾಯುದ್ಧದ ಅನಂತರ ಟೇಪ್ ರೆಕಾರ್ಡರುಗಳು ಮನೆಗಳನ್ನು ಪ್ರವೇಶಿಸಿದುವು. ೧೯೬೩ರಲ್ಲಿ ಫಿಲಿಪ್ಸ್ ಕಂಪೆನಿಯು ಕ್ಯಾಸೆಟ್ಟನ್ನು ಹೊರತಂದ ಬಳಿಕ ಅವು ಇನ್ನೂ ಹಬ್ಬಿದುವು. ತಟ್ಟೆಯಲ್ಲಿಯೋ ರೇಡಿಯೋದಲ್ಲಿಯೋ ಬರುವುದನ್ನು ಟೇಪಿಗಿಳಿಸಿಕೊಳ್ಳಲು ಅನುಕೂಲವಾಗಲೆಂದು ಆಂಪ್ಲಿಫೈಯರಿನ ಹಿಂಬದಿಯಲ್ಲಿ ‘ಟೇಪ್ ಔಟ್’ ಅಥವಾ ‘ರೆಕ್ ಔಟ್’ ಎಂಬ ಒಂದು ಜೊತೆ ರಂಧ್ರಗಳನ್ನು ಇಡುವುದು ವಾಡಿಕೆಯಾಯಿತು. ಕೇಳುಗನು ಧ್ವನಿಯನ್ನು ತಗ್ಗಿಸಿದರೂ ಏರಿಸಿದರೂ ಮುದ್ರಣ ಕೆಡಬಾರದಷ್ಟೆ? ಅದಕ್ಕಾಗಿ ಈ ರಂಧ್ರಕ್ಕೆ ಬರುವ ಸಂಕೇತವನ್ನು ಧ್ವನಿಮಟ್ಟದ ಗುಂಡಿಗಿಂತ ಹಿಂದೆಯೇ ತೆಗೆದುಕೊಳ್ಳುತ್ತಿದ್ದರು. ತಟ್ಟೆಯ ಸಂಕೇತವು ಅಷ್ಟುಹೊತ್ತಿಗೆ ಫೋನೋ ಪ್ರಿಆಂಪ್ಲಿಫೈಯರನ್ನು ದಾಟಿ, ತಿದ್ದುಪಡಿ ಹೊಂದಿ, ಲೈನ್ ಮಟ್ಟಕ್ಕೆ ಬಂದಿರುತ್ತಿತ್ತು.

ನಿಸ್ತಂತು ವ್ಯವಸ್ಥೆಗೆ ಬೇಕಾದುದೂ ಇಂಥ ಸಂಕೇತವೇ. ಅದು ಲೈನ್ ಮಟ್ಟದಲ್ಲಿರಬೇಕು, ಸ್ಥಿರವಾಗಿರಬೇಕು, ತಿದ್ದಿದುದಾಗಿರಬೇಕು. ಟೇಪ್ ರೆಕಾರ್ಡರಿಗಾಗಿ ಅರ್ಧ ಶತಮಾನದ ಹಿಂದೆ ತೆರೆದ ಬಾಗಿಲು, ಆಗ ಯಾರ ಕಲ್ಪನೆಗೂ ಬಾರದಿದ್ದ ಅತಿಥಿಗೆ ಈಗ ಒದಗಿಬರುತ್ತಿದೆ. ಹಳೆಯ ಸ್ಟೀರಿಯೋವನ್ನು ಹೊಸ ಧ್ವನಿವರ್ಧಕಕ್ಕೆ ಕೂಡಿಸಬೇಕೆಂಬವರು ಮೊದಲು ಹುಡುಕಬೇಕಾದುದು ಈ ರಂಧ್ರವನ್ನೇ.

ಹುಡುಕಬಾರದುದು ಯಾವುದೆಂಬುದನ್ನೂ ಹೇಳಬೇಕು. ಆಂಪ್ಲಿಫೈಯರಿನಿಂದ ಹಳೆಯ ಧ್ವನಿವರ್ಧಕಗಳಿಗೆ ಹೋಗುವ ತಂತಿಗಳನ್ನು ಹೊಸ ಉಪಕರಣದ ಲೈನ್ ರಂಧ್ರಕ್ಕೆ ಎಂದಿಗೂ ಸೇರಿಸಕೂಡದು. ೮ ಓಮ್ ಧ್ವನಿವರ್ಧಕಕ್ಕೆ ೨೦ ವ್ಯಾಟ್ ಶಕ್ತಿಯನ್ನು ಕೊಡುತ್ತಿರುವ ಆಂಪ್ಲಿಫೈಯರಿನ ತುದಿಯಲ್ಲಿ ಸುಮಾರು ೧೨.೬ ವೋಲ್ಟ್ ಇರುತ್ತದೆ. ಇದು ಲೈನ್ ಮಟ್ಟದ ನಲವತ್ತು ಪಟ್ಟು. ಉಪಕರಣವು ಕೆಡುವ ಸಂಭವವೇ ಹೆಚ್ಚು.

೭. ನಿಸ್ತಂತು ಯುಗ: ಲೋಪ, ಆಗಮ, ಆದೇಶ

ನಿಸ್ತಂತು ಧ್ವನಿವರ್ಧಕಗಳಲ್ಲಿ ಎರಡು ಮನೆತನಗಳುಂಟು. ಮೊದಲನೆಯದು ಬ್ಲೂಟೂತ್. ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ೧೯೯೪ರಲ್ಲಿ ಇದರ ಕೆಲಸ ಆರಂಭವಾಯಿತು. ೧೯೯೮ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೋಷಿಬಾ ಕಂಪೆನಿಗಳು ಕೂಡಿ ಒಂದು ಒಕ್ಕೂಟವನ್ನು ರಚಿಸಿಕೊಂಡುವು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಒಂದುಗೂಡಿಸಿದ ಹೆರಾಲ್ಡ್ ಎಂಬ ರಾಜನ ಬಿರುದು ನೀಲಿಹಲ್ಲು. ಬೇರೆಬೇರೆ ಯಂತ್ರಗಳನ್ನು ಒಂದುಗೂಡಿಸುವ ವಿಧಾನಕ್ಕೆ ಅವನ ಹೆಸರನ್ನೇ ಇಟ್ಟರು. ಅದರ ಲಾಂಛನವು ಅವನ ಹೆಸರು ಮತ್ತು ಬಿರುದುಗಳ ಮೊದಲಕ್ಷರಗಳಾದ ಎರಡು ರೂನ್ ಲಿಪಿಯ ಅಕ್ಷರಗಳ ಕೂಡಕ್ಷರವೆಂಬುದನ್ನು ಲಿಪಿಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬಹುದು. ಸ್ಟೀರಿಯೋ ಸಂಗೀತವನ್ನು ಸಾಗಿಸುವ ನಿಯಮಗಳು ೨೦೦೩ರಲ್ಲಿ ಗೊತ್ತಾದುವು.

ಎರಡನೆಯ ಮನೆತನವು ವೈಫೈ ಜಾಲವನ್ನು ಅವಲಂಬಿಸಿದುದು. ಆಪಲ್ ಕಂಪೆನಿಯು ೨೦೦೪ರಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ಕಂಪ್ಯೂಟರಿನ ಸಂಗೀತವನ್ನು ಹಳೆಯ ಸ್ಟೀರಿಯೋಗೆ ತಲುಪಿಸಿತು. ೨೦೦೨ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾದ ಸೋನೋಸ್ ಕಂಪೆನಿಯು ೨೦೦೫ರಲ್ಲಿ ಹೊರತಂದ ತನ್ನ ಮೊದಲ ಉಪಕರಣದ ಹಿಂಬದಿಯಲ್ಲಿಯೇ ಆರ್‌ಸಿಎ ರಂಧ್ರಗಳನ್ನು ಇಟ್ಟಿತ್ತು. ಹಳೆಯ ಯಂತ್ರದ ಟೇಪ್ ಔಟ್ ರಂಧ್ರದಿಂದ ಅಲ್ಲಿಗೆ ತಂತಿಯೆಳೆದರೆ, ತಟ್ಟೆಯ ಸಂಗೀತವು ಮನೆಯ ಎಲ್ಲ ಕೋಣೆಗಳಲ್ಲಿಯೂ ಕೇಳಿಬರುತ್ತಿತ್ತು.

ಈ ಜೋಡಣೆಯಲ್ಲಿ ನಡೆಯುವುದನ್ನು ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ವಿವರಿಸುವುದು ಅನುಕೂಲ. ಎರಡು ಪದಗಳು ಕೂಡುವಾಗ ಅಕ್ಷರವು ಬಿಟ್ಟುಹೋದರೆ ಲೋಪ, ಹೊಸದಾಗಿ ಬಂದರೆ ಆಗಮ, ಒಂದರ ಸ್ಥಾನಕ್ಕೆ ಮತ್ತೊಂದು ಬಂದರೆ ಆದೇಶ. ಯಂತ್ರಸಂಧಿಯಲ್ಲಿಯೂ ಈ ಮೂರೂ ನಡೆಯುತ್ತವೆ. ಟರ್ನ್‌ಟೇಬಲಿಗೂ ಧ್ವನಿವರ್ಧಕಕ್ಕೂ ನಡುವೆ ಫೋನೋ ಪ್ರಿಆಂಪ್ಲಿಫೈಯರ್ ಬಂದು ನಿಲ್ಲುವುದು ಆಗಮ. ಏರಿಳಿಯುವ ವಿದ್ಯುತ್ತಿನ ಸ್ಥಾನಕ್ಕೆ ಅಂಕಿಗಳ ಸಾಲು ಬರುವುದು ಆದೇಶ. ೧೯೮೨ರಲ್ಲಿ ಬಂದ ಸಿ.ಡಿ.ಯ ಲೆಕ್ಕದಲ್ಲಿ ಸೆಕೆಂಡಿಗೆ ೪೪,೧೦೦ ಸಲ, ಸಲಕ್ಕೆ ೧೬ ಬಿಟ್ಟುಗಳಂತೆ, ಎರಡು ಕಿವಿಗಳಿಗೂ ಅಳೆದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್ಟುಗಳಾಗುತ್ತವೆ. ೨೦೦೩ರ ನಿಯಮಗಳಂತೆ ಸ್ಟೀರಿಯೋ ಸಂಗೀತವನ್ನು ಸಾಗಿಸುವ ಬ್ಲೂಟೂತ್ ಉಪಕರಣಗಳಿಗೆ ಕಡ್ಡಾಯವಾದ ಎಸ್‌ಬಿಸಿ ಎಂಬ ಕುಗ್ಗಿಸುವ ವಿಧಾನವು ಇದನ್ನು ಸಾಮಾನ್ಯವಾಗಿ ೩,೨೮,೦೦೦ದ ಆಸುಪಾಸಿಗೆ ಇಳಿಸುತ್ತದೆ. ಕಿವಿಯು ಗುರುತಿಸಲಾರದ ಅಂಶಗಳನ್ನು ಆರಿಸಿ ಬಿಡುವ ಈ ಕ್ರಿಯೆ ಲೋಪ. ವೈಫೈ ವ್ಯವಸ್ಥೆಗಳಿಗೆ ಹೆಚ್ಚು ಅವಕಾಶವಿರುವುದರಿಂದ ಅಲ್ಲಿ ಲೋಪವಿಲ್ಲದೆಯೂ ಸಾಗಿಸಬಹುದು.

ಕಾಲವಿಳಂಬವು ಇನ್ನೊಂದು ಪರಿಣಾಮ. ಅಳೆಯಲು, ಕುಗ್ಗಿಸಲು, ಕಳುಹಿಸಲು, ಕೂಡಿಟ್ಟುಕೊಂಡು ಮತ್ತೆ ಬಿಚ್ಚಲು ಕಾಲ ಹಿಡಿಯುತ್ತದೆ. ಬ್ಲೂಟೂತಿನಲ್ಲಿ ಇದು ಸೆಕೆಂಡಿನ ಹತ್ತರಲ್ಲೊಂದು ಅಥವಾ ಎರಡು ಭಾಗವಾಗುವುದು ಸಾಮಾನ್ಯ. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುವುದರಿಂದ, ಹತ್ತರಲ್ಲಿ ಎರಡು ಭಾಗದ ವಿಳಂಬವೆಂದರೆ ಧ್ವನಿವರ್ಧಕವನ್ನು ೬೮ ಮೀಟರು ದೂರದಲ್ಲಿ ಇಟ್ಟಂತೆ. ಸುಮಾರು ಮೂವತ್ತು ಮಿಲಿಸೆಕೆಂಡಿನೊಳಗೆ ಬರುವ ಎರಡನೆಯ ಧ್ವನಿಯನ್ನು ಕಿವಿಯು ಮೊದಲನೆಯದರಲ್ಲಿಯೇ ಸೇರಿಸಿಕೊಳ್ಳುತ್ತದೆಂದು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿದ್ವಾಂಸನು ೧೯೫೧ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದನು. ಆ ಮಿತಿಯನ್ನು ಬಹಳ ಮೀರಿದರೆ ಮಾರ್ದನಿಯಾಗುತ್ತದೆ. ಆದುದರಿಂದ ಒಂದೇ ಕೋಣೆಯಲ್ಲಿ ಹಳೆಯ ಧ್ವನಿವರ್ಧಕವನ್ನೂ ನಿಸ್ತಂತು ಧ್ವನಿವರ್ಧಕವನ್ನೂ ಒಟ್ಟಿಗೆ ನುಡಿಸುವುದು ಹಿತವಲ್ಲ. ಬರಿಯ ಸಂಗೀತ ಕೇಳುವವರಿಗೆ ಈ ವಿಳಂಬದಿಂದ ಬೇರೆ ತೊಂದರೆಯಿಲ್ಲ.

ಇನ್ನೊಂದು ಲೋಪವು ಇದಕ್ಕಿಂತ ಗಂಭೀರವಾದುದು. ಒಂಟಿ ನಿಸ್ತಂತು ಧ್ವನಿವರ್ಧಕಗಳಲ್ಲಿ ಅನೇಕವು ಎಡಬಲಗಳೆರಡನ್ನೂ ಕೂಡಿಸಿ ಒಂದೇ ಧ್ವನಿಯಾಗಿ ನುಡಿಸುತ್ತವೆ. ಬ್ಲೂಮ್ಲೀನನು ೧೯೩೧ರಲ್ಲಿ ಬಿಡಿಸಿದುದನ್ನು ಹೀಗೆ ಮತ್ತೆ ಗಂಟುಹಾಕಿದಂತಾಗುತ್ತದೆ. ಸ್ಟೀರಿಯೋ ಉಳಿಯಬೇಕಾದರೆ ಎಡಬಲಗಳಿಗೆ ಬೇರೆಬೇರೆಯಾಗಿ ನಿಯೋಜಿಸಬಲ್ಲ ಒಂದು ಜೊತೆ ಧ್ವನಿವರ್ಧಕಗಳು ಬೇಕು.

೮. ೨೦೨೦ರ ಪಾಠ

ಇಷ್ಟರವರೆಗೆ ಹೇಳಿದುದೆಲ್ಲವೂ ಪರಿಹಾರವುಳ್ಳ ತೊಡಕುಗಳು. ಪರಿಹಾರ ಸುಲಭವಲ್ಲದ ತೊಡಕು ೨೦೨೦ರಲ್ಲಿ ಬೆಳಕಿಗೆ ಬಂದಿತು. ಆ ವರ್ಷದ ಜನವರಿಯಲ್ಲಿ ಸೋನೋಸ್ ಕಂಪೆನಿಯು, ತನ್ನ ಕೆಲವು ಹಳೆಯ ಉಪಕರಣಗಳಿಗೆ ಮೇ ತಿಂಗಳಿನಿಂದ ಹೊಸ ತಂತ್ರಾಂಶವನ್ನು ಒದಗಿಸುವುದಿಲ್ಲವೆಂದು ಪ್ರಕಟಿಸಿತು. ಗ್ರಾಹಕರಲ್ಲಿ ತೀವ್ರ ಅಸಮಾಧಾನ ಉಂಟಾಯಿತು; ಕಂಪೆನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಕೊನೆಗೆ ಹಳೆಯ ಉಪಕರಣಗಳಿಗೆ ಒಂದು ತಂತ್ರಾಂಶ, ಹೊಸವಕ್ಕೆ ಮತ್ತೊಂದು ಎಂದು ಕುಟುಂಬವು ಎರಡಾಗಿ ಹಿಸ್ಸೆಯಾಯಿತು. ಹಳೆಯವು ಒಮ್ಮೆಲೇ ಮೂಕವಾಗಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆದರೆ ಹೊಸವುಗಳೊಡನೆ ಒಂದೇ ಪಂಕ್ತಿಯಲ್ಲಿ ಕೂಡುವ ಹಕ್ಕು ಅವಕ್ಕೆ ಇಲ್ಲವಾಯಿತು.

ಈ ಪಟ್ಟಿಯಲ್ಲಿ ಸೇರಿದ್ದ ಉಪಕರಣಗಳಲ್ಲಿ ಕನೆಕ್ಟ್ ಎಂಬುದೂ ಒಂದು. ಹಳೆಯ ಸ್ಟೀರಿಯೋವನ್ನು ನಿಸ್ತಂತು ವ್ಯವಸ್ಥೆಗೆ ಕೂಡಿಸುವುದೇ ಅದರ ಕೆಲಸವಾಗಿತ್ತು. ಒಂದು ಕಡೆ ೧೯೭೦ರ ದಶಕದ ಆಂಪ್ಲಿಫೈಯರು, ಇನ್ನೊಂದು ಕಡೆ ೨೦೨೦ರ ಧ್ವನಿವರ್ಧಕ, ನಡುವೆ ೨೦೧೫ರವರೆಗೂ ತಯಾರಾಗುತ್ತಿದ್ದ ಸೇತುವೆ. ಮುದಿಯಾದುದು ಯಾವುದು? ಆಂಪ್ಲಿಫೈಯರಿನ ಆರ್‌ಸಿಎ ರಂಧ್ರವು ಮೊದಲಿನಂತೆಯೇ ಕೆಲಸ ಮಾಡುತ್ತಿತ್ತು. ಸೇತುವೆಯೇ ಮೊದಲು ಹಳತಾಯಿತು. ಗೂಗಲ್ ಕಂಪೆನಿಯು ಹಳೆಯ ಸ್ಟೀರಿಯೋಗಳಿಗೆಂದು ೨೦೧೫ರಲ್ಲಿ ಹೊರತಂದ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಉಪಕರಣದ ತಯಾರಿಕೆಯೂ ೨೦೧೯ರ ಆರಂಭದಲ್ಲಿ ನಿಂತುಹೋಗಿತ್ತು. ಆಪಲ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ೨೦೧೮ರಲ್ಲಿಯೇ ಮುಗಿದಿತ್ತು.

ಇದರ ಕಾರಣವನ್ನು ಶೋಧಿಸುವುದು ಇತಿಹಾಸಕಾರನ ಕೆಲಸ. ಕಂಪೆನಿಗಳ ಸ್ವಾರ್ಥವೆಂದಷ್ಟೇ ಹೇಳಿದರೆ ಸಾಲದು. ೧೯೩೦ ಮತ್ತು ೧೯೫೦ರ ದಶಕಗಳ ಕಂಪೆನಿಗಳೂ ಲಾಭಕ್ಕಾಗಿಯೇ ದುಡಿಯುತ್ತಿದ್ದುವು. ವ್ಯತ್ಯಾಸವು ಸಂಧಿಯ ಸ್ವರೂಪದಲ್ಲಿದೆ. ಆರ್‌ಸಿಎ ಪ್ಲಗ್ಗಿನ ಅಳತೆಯೂ ೧೯೫೪ರ ಕಟ್ಟಳೆಯೂ ಒಮ್ಮೆ ಎಲ್ಲರ ಒಪ್ಪಿಗೆ ಪಡೆದ ಮೇಲೆ ಯಾರೊಬ್ಬರ ಅಪ್ಪಣೆಯನ್ನೂ ಬೇಡುವುದಿಲ್ಲ. ಅವನ್ನು ಜಾರಿಗೆ ತಂದ ಮೂಲಸಂಸ್ಥೆ ಅಳಿದರೂ ಅವು ಉಳಿಯುತ್ತವೆ. ಒಂದು ಕಂಪೆನಿಯ ಸ್ವಂತ ತಂತ್ರಾಂಶದಲ್ಲಿರುವ ಸಂಧಿಯಾದರೋ ಪ್ರತಿದಿನವೂ ಆ ಕಂಪೆನಿಯ ಪೋಷಣೆಯನ್ನು ಬಯಸುತ್ತದೆ. ಪೋಷಣೆ ನಿಂತ ದಿನ ಅದು ಬಳಲತೊಡಗುತ್ತದೆ. ನಿಸ್ತಂತುವೆಂಬುದೇ ದೋಷವಲ್ಲ. ಬ್ಲೂಟೂತ್ ನಿಸ್ತಂತುವೇ ಆದರೂ ಅನೇಕರ ಒಪ್ಪಂದದಿಂದ ಹುಟ್ಟಿದುದು. ಲೈನ್ ರಂಧ್ರವಿಲ್ಲದ ಧ್ವನಿವರ್ಧಕದಲ್ಲಿಯೂ ಬ್ಲೂಟೂತ್ ಇದ್ದರೆ, ಹಳೆಯ ಆಂಪ್ಲಿಫೈಯರಿನ ಟೇಪ್ ಔಟ್‌ಗೆ ಒಂದು ಸಣ್ಣ ಬ್ಲೂಟೂತ್ ಪ್ರೇಷಕವನ್ನು ಸೇರಿಸಿ ಕೆಲಸ ನಡೆಸಬಹುದು. ಪ್ರೇಷಕವು ಯಾವ ಕಂಪೆನಿಯದಾದರೂ ಆದೀತು. ಧ್ವನಿಯ ಗುಣದಲ್ಲಿ ವೈಫೈ ವ್ಯವಸ್ಥೆಗಳಿಗಿಂತ ಇದು ಸ್ವಲ್ಪ ಕೆಳಗಿರಬಹುದು. ಬಾಳಿಕೆಯಲ್ಲಿ ಮೇಲಾ‌ಗುವ ಸಂಭವವುಂಟು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ಹಳೆಯ ಸ್ಟೀರಿಯೋವನ್ನು ನಿಸ್ತಂತು ಧ್ವನಿವರ್ಧಕಕ್ಕೆ ಕೂಡಿಸಲು ಸಾಧ್ಯ. ಅದರ ದಾರಿಯು ಟೇಪ್ ಔಟ್, ಲೈನ್ ಮಟ್ಟ, ಫೋನೋ ಪ್ರಿಆಂಪ್ಲಿಫೈಯರ್ ಎಂಬ ಹಳೆಯ ಒಪ್ಪಂದಗಳ ಮೇಲೆಯೇ ಸಾಗುತ್ತದೆ. ಎರಡನೆಯದಾಗಿ, ಯಂತ್ರಗಳ ಆಯುಷ್ಯವನ್ನು ಅವುಗಳ ಗಟ್ಟಿತನಕ್ಕಿಂತ ಹೆಚ್ಚಾಗಿ ಅವುಗಳ ಸಂಧಿಗಳ ಸಾರ್ವಜನಿಕತೆಯು ನಿರ್ಧರಿಸುತ್ತದೆ. ಮೂರನೆಯದಾಗಿ, ಹೊಸದು ಹಳೆಯದಕ್ಕೆ ಎಡೆಗೊಡಬೇಕೆಂಬ ನಿಯಮವು ಯಂತ್ರಗಳ ಸಹಜಧರ್ಮವಲ್ಲ. ೧೯೫೮ರಲ್ಲಿಯೂ ೧೯೬೧ರಲ್ಲಿಯೂ ಮನುಷ್ಯರು ಬುದ್ಧಿಪೂರ್ವಕವಾಗಿ ಮಾಡಿದ ಆಯ್ಕೆ ಅದು. ಮಾಡಿದ ಆಯ್ಕೆಯನ್ನು ಮಾಡದೆ ಬಿಡಲೂ ಬರುತ್ತದೆಯೆಂಬುದನ್ನು ೨೦೨೦ ತೋರಿಸಿತು.

ನಮ್ಮ ಕಾಲೇಜುಗಳಿಗೂ ಇದರಿಂದ ಒಂದು ಕರ್ತವ್ಯ ಒದಗುತ್ತದೆ. ಹರಿಕಥೆ, ನಾಟಕ, ಸಂಗೀತ, ಭಾಷಣಗಳ ತಟ್ಟೆಗಳೂ ಟೇಪುಗಳೂ ನಾಡಿನ ಮನೆಮನೆಗಳಲ್ಲಿ ಚದರಿಹೋಗಿವೆ. ಅವುಗಳ ಒಡೆಯರಿಗೆ ಅವು ಅಟ್ಟದ ಮೇಲಿನ ಹಳೆಯ ಸಾಮಾನು. ಮುಂದಿನ ಇತಿಹಾಸಕಾರನಿಗೆ ಅವೇ ಶಾಸನಗಳು. ಹಳ್ಳಿಗೆ ಹೋಗಿ ಶಾಸನದ ಅಚ್ಚು ತೆಗೆಯುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ೭೮ ಸುತ್ತಿನ ತಟ್ಟೆಗೆ ಯಾವ ಸೂಜಿ ಬೇಕು, ಫೋನೋ ರಂಧ್ರಕ್ಕೂ ಲೈನ್ ರಂಧ್ರಕ್ಕೂ ಏನು ಭೇದ ಎಂಬುದನ್ನೂ ಅವರಿಗೆ ಕಲಿಸುವ ಕಾಲ ಬಂದಿದೆ. ಪ್ರತಿಯೊಂದು ಇತಿಹಾಸ ವಿಭಾಗವೂ ಸುಸ್ಥಿತಿಯಲ್ಲಿರುವ ಒಂದು ಟರ್ನ್‌ಟೇಬಲ್, ಒಂದು ಕ್ಯಾಸೆಟ್ ಯಂತ್ರ, ಅವನ್ನು ಇಂದಿನ ಉಪಕರಣಗಳಿಗೆ ಕೂಡಿಸುವ ತಂತಿಗಳು, ಇಷ್ಟನ್ನು ಇಟ್ಟುಕೊಂಡರೆ ಹೆಚ್ಚಿನ ವೆಚ್ಚವಾಗದು. ಕಲ್ಲಿನ ಮೇಲಿನ ಅಕ್ಷರವು ಓದುಗನಿಗಾಗಿ ಸಾವಿರ ವರ್ಷ ಕಾಯಬಲ್ಲದು. ಟೇಪಿನ ಮೇಲಿನ ಧ್ವನಿಗೆ ಅಷ್ಟು ತಾಳ್ಮೆಯಿಲ್ಲ. ಅದನ್ನು ನುಡಿಸುವ ಯಂತ್ರವೂ ಆ ಯಂತ್ರವನ್ನು ಅರಿತ ಕೈಗಳೂ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.